ಇಂಜಿನ್ ಇಲ್ಲದ ಕಾರು ಮತ್ತು ಖಾರದ ಚಾಚಿ

ಕಳೆದ ವಾರ ಹುಬ್ಬಳ್ಳಿಯಿಂದ ಸವಣೂರಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹೆಂಗಸು ಮಗುವಿಗೆಂದು ಖಾರದ ಪೊಟ್ಟಣ ಬಿಚ್ಚಿದರು, ನಮ್ಮ ಸವಣೂರಿನ ಕರಿದ ಕುರುಕಲು ತಿಂಡಿ. ಕಾಯ್ದ ಶೇಂಗಾ ಎಣ್ಣೆ, ಹುರಿದ ಬೆಳ್ಳುಳ್ಳಿ, ಕರಿಬೇವು... ನನಗೆ ಅದರ ಬೆನ್ನಿಗೇ ಪೆಟ್ರೋಲಿನ ವಾಸನೆಯೂ ಬಂದಂತಾಯಿತು. ನಾನು ಬೆಳೆದ ಓಣಿಯ ಒಂದು ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಈ ಎರಡು ವಾಸನೆಗಳು ವರ್ಷಗಟ್ಟಲೆ ಒಟ್ಟಿಗೆ ಬಾಳಿದ್ದವು. ಖಾರ ಚಾಚಿಯದು, ಪೆಟ್ರೋಲು ನನ್ನದು.

ಚಾಚಿ ನಮ್ಮ ಎದುರು ಮನೆಯವರು, ಓಣಿಗೆಲ್ಲ ಚಾಚಿ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಹಿತ್ತಲಲ್ಲಿ ಖಾರ ಕರಿದು, ತಾವೇ ಸಣ್ಣ ಟೆಂಪೋ ಓಡಿಸಿಕೊಂಡು ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಿನ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿಕೊಂಡು ಗೇರು ಬದಲಿಸುತ್ತಿದ್ದ ಅವರಿಗೆ ಬಸ್ಸಿನ ಡ್ರೈವರುಗಳೂ ದಾರಿ ಬಿಡುತ್ತಿದ್ದರು. ನಮ್ಮದು ಮಠದ ಪಾಠಪ್ರವಚನದ ಮನೆತನ. ಅಪ್ಪ ವಕೀಲರು. ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ, ದುಡಿದದ್ದನ್ನೆಲ್ಲ ಕಾರು ರೇಸಿಗೆ ಸುರಿಯುತ್ತಿದ್ದೆ. ಹಳೆಯದೊಂದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಂಡು, ಚಾಲಕನ ಸೀಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು, ಗಾಡಿ ಮಗುಚಿದರೂ ಜೀವ ಉಳಿಯಲೆಂದು ಒಳಗೆ ಉಕ್ಕಿನ ಪೈಪುಗಳ ಪಂಜರ ಬೆಸೆದು ಕೂಡಿಸಿದ್ದೆ. ಅದು ಟ್ರ್ಯಾಕಿನ ಮೇಲೆ ಓಡಲಿಕ್ಕಷ್ಟೇ ತಯಾರಾದ ಗಾಡಿ, ರಸ್ತೆಗೆ ಬರುವಂತಿರಲಿಲ್ಲ. ಅದರ ಗದ್ದಲಕ್ಕೆ ರೋಸಿ ಅಪ್ಪ, "ಇದು ನಮ್ಮ ಮನಿ ಮುಂದ ನಿಲ್ಲಬಾರದು" ಎಂದುಬಿಟ್ಟರು. ಚಾಚಿ ಎದುರು ಕಟ್ಟೆಯಿಂದಲೇ ಕೂಗಿದರು. "ನನ್ನ ಹಿತ್ತಲ ಶೆಡ್ ಖಾಲಿ ಬಿದ್ದೈತಿ. ತಂದು ನಿಲ್ಸೋ ಬೇಟಾ."

ಐದಾರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೊಂದು ಸಂಜೆ ಬಂಕಾಪುರದ ಹತ್ತಿರ ಬೈಕಿನಿಂದ ಬಿದ್ದೆ. ಟ್ರ್ಯಾಕಿನ ಮೇಲೆ ಏನೂ ಆಗದವನು ಮನೆಗೆ ಬರುವ ದಾರಿಯಲ್ಲಿ ಬಲಗಾಲು ಮುರಿದುಕೊಂಡಿದ್ದೆ. ಆಪರೇಷನ್ ಆಯಿತು, ನಡೆಯುವಂತಾದೆ. ಆದರೆ ಪಾದದ ಕೀಲು ಬಗ್ಗಲಿಲ್ಲ. ಬ್ರೇಕನ್ನು ಗಟ್ಟಿಯಾಗಿ ಒತ್ತಲಾಗದವನಿಗೆ ರೇಸು ಎಲ್ಲಿಯದು... ನನ್ನ ಜೊತೆ ಓಡಿಸುತ್ತಿದ್ದ ಗೆಳೆಯನಿಗೆ ಇಂಜಿನ್ ಬೇಕಿತ್ತು. ಬಿಚ್ಚಿಕೊಂಡು ಹೋದ. ಉಳಿದ ಗಾಡಿಯನ್ನು ಮಾರಲು ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿದೆ. ಒಬ್ಬ ಸೀಟು ಕೇಳಿದ, ಇನ್ನೊಬ್ಬ ಗಾಲಿ ಕೇಳಿದ. ಗಾಡಿಯನ್ನು ಗಾಡಿ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಬೇಸತ್ತು ಗುಜರಿಯವನಿಗೆ, ಬಂದು ಕತ್ತರಿಸಿಕೊಂಡು ಹೋಗು ಎಂದೆ.

ಗುಜರಿಯವನು ಬಂದ ದಿನ ಚಾಚಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು, "ಕೀಲಿ ಕಳದೈತಿ, ಆಮ್ಯಾಲೆ ಬಾ" ಎಂದು ಅವನನ್ನು ಸಾಗಹಾಕಿದರು. ಮತ್ತೆ ಬಂದಾಗಲೂ ಕೀಲಿ ಸಿಕ್ಕಿರಲಿಲ್ಲ. ಅದು ಅವರ ಸೊಂಟದಲ್ಲೇ ಇತ್ತು, ಓಣಿಗೆಲ್ಲ ಕಾಣುವ ಹಾಗೆ. ಅಷ್ಟರಲ್ಲಿ ಅವರು ಖಾರ ಹಾಕುವ ಊರೂರಿನ ಅಂಗಡಿಯಲ್ಲೂ ನನ್ನ ಕಾರಿನ ಸುದ್ದಿ ಹೇಳುತ್ತ ಬಂದಿದ್ದರು. ಹಿರೇಕೆರೂರಿನಲ್ಲಿ ಒಮ್ಮೆ ಟೆಂಪೋದ ಕ್ಲಚ್ ವಾಯರ್ ಹರಿದು ಗ್ಯಾರೇಜಿಗೆ ಹೋದಾಗ, ಮೂಲೆಯಲ್ಲಿ ಹಳೇ ಟೈರಿನ ಮೇಲೆ ಕೂಡಿಸಿ ಪ್ಲಾಸ್ಟಿಕ್ ಹೊದಿಸಿದ್ದ ಇಂಜಿನ್ ಒಂದು ಕಣ್ಣಿಗೆ ಬಿತ್ತು. ಗ್ಯಾರೇಜಿನವನ ಬಳಿಯೂ ನನ್ನದೇ ಮಾದರಿಯ ಕಾರು ಇತ್ತಂತೆ. ಮಣ್ಣಿನ ರೇಸಿನಲ್ಲಿ ಪಲ್ಟಿಯಾಗಿ ಬಾಡಿ ನುಜ್ಜುಗುಜ್ಜಾಗಿತ್ತು. ಇಂಜಿನ್ ಮಾತ್ರ ಉಳಿದಿತ್ತು.

"ನಿನ್ನ ಕಡೆ ಇಂಜಿನ್ ಐತಿ, ಗಾಡಿ ಇಲ್ಲ. ನಮ್ಮ ಓಣ್ಯಾಗ ಗಾಡಿ ಐತಿ, ಇಂಜಿನ್ ಇಲ್ಲ. ಹಿಂಗ್ಯಾಕ ಕುಂತೀಯೋ, ಏಳು" ಎಂದು ಚಾಚಿ ಅವನನ್ನು ಎಬ್ಬಿಸಿದರಂತೆ. ಇದನ್ನು ಅವನೇ ಆಮೇಲೆ ನನಗೆ ಹೇಳಿದ್ದು.

ಅವನು ಬಂದ. ಪಂಜರದ ಒಂದೊಂದು ಬೆಸುಗೆಯನ್ನೂ ಬೆರಳಿನಿಂದ ಸವರಿ ನೋಡಿದ. "ಭಾಳ ಪ್ರೀತಿಲೆ ಮಾಡೀರಿ ಸರ್" ಎಂದ. ಅಷ್ಟು ಸಾಕಾಯಿತು ನನಗೆ. "ನಾ ಕೊಡೂದಿಲ್ರಿ, ತಪ್ಪು ತಿಳಕೋಬ್ಯಾಡ್ರಿ" ಎಂದವನೇ ಕುಂಟುತ್ತ ಹೋಗಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತೆ. ಗುಜರಿಯವನಿಗೆ ಕೊಡಲು ಒಪ್ಪಿದ್ದವನು ಇವನಿಗೆ ಯಾಕೆ ಇಲ್ಲವೆಂದೆ ಎಂದು ಈಗಲೂ ಯೋಚಿಸುತ್ತೇನೆ. ಅದು ಬೇರೊಬ್ಬನ ಕೈಯಲ್ಲಿ ಓಡುವುದಕ್ಕಿಂತ ಇಲ್ಲವಾಗುವುದೇ ಸಹನೀಯ ಅನ್ನಿಸಿರಬೇಕು...

ಚಾಚಿ ಬಂದು ಪಕ್ಕದಲ್ಲಿ ಕುಳಿತರು. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಆ ಶೆಡ್ಡಿನ್ಯಾಗ ನಿನ್ನ ಕಾರಿಗಿಂತ ಮೊದ್ಲ ಏನ್ ನಿಂತಿತ್ತು ಗೊತ್ತೈತೇನು? ನಮ್ಮ ಮನಿಯವ್ರ ಟಾಂಗಾ. ಅವ್ರೂ ಹೋದ್ರು, ಕುದುರಿನೂ ಹೋತು. ಹಾನಗಲ್ಲದಾಂವ ಒಬ್ಬ ಟಾಂಗಾ ಕೇಳಾಕ ಬಂದಿದ್ದ. ಅವ್ರು ಕುಂತ ಜಾಗಾ ಅಂತ ನಾ ಕೊಡ್ಲಿಲ್ಲ. ಗೆದ್ದಲ ಹತ್ತಿತು ಬೇಟಾ. ಕಡೀಕ ಒಡದು ಒಲಿಗೆ ಹಾಕಿದ್ನಿ. ಆ ಉರಿಮ್ಯಾಲೆ ಖಾರಾ ಕರದೀನಿ ನಾ."

ಕಟ್ಟೆಯಿಂದ ಎದ್ದು ನಿಂತರು. ಆಮೇಲೆ, "ಓಡಸಾಂವ ಸಿಕ್ಕಾನ. ಕೊಟ್ಟುಬಿಡು" ಎಂದರು.

ಕೊಟ್ಟೆ.

ಕಾರನ್ನು ಒಯ್ಯಲು ಬಂದ ಲಾರಿ ನಮ್ಮ ಓಣಿಯಲ್ಲಿ ತೂರದೆ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಕಾರನ್ನು ಚಾಚಿಯ ಟೆಂಪೋಗೆ ಹಗ್ಗ ಕಟ್ಟಿ ಎಳೆಯಬೇಕು. ಆದರೆ ಇಂಜಿನ್ ಇಲ್ಲದ ಕಾರಿನ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗಿಬಿಡುತ್ತದೆ, ನನ್ನ ಕಾಲಿಗೆ ಆಗುವಂತಿರಲಿಲ್ಲ. "ಟೆಂಪೋ ನೀ ಹೊಡಿ, ಇದನ್ನ ನಾ ಹಿಡೀತೇನಿ" ಎಂದು ಚಾಚಿ ಗ್ಯಾರೇಜಿನವನಿಗೆ ಹೇಳಿ, ನನ್ನ ಕಡೆ ತಿರುಗಿ, "ಆ ಟೊಪಗಿ ಕೊಡಿಲ್ಲೆ" ಎಂದರು. ನನ್ನ ಹೆಲ್ಮೆಟ್ ಹಾಕಿಕೊಂಡರು. ಬಾಗಿಲಿಗೆ ಅಡ್ಡವಾಗಿದ್ದ ಪೈಪು ದಾಟಿ ಒಳಗೆ ಇಳಿಯುವುದು ಅವರಿಗೆ ಆಗಲಿಲ್ಲ. ಆಗ ನಮ್ಮವ್ವ, ಹೊರಗಿನವರೆದುರು ಬಾಗಿಲಿಗೂ ಬಾರದವಳು, ಬಂದು ಹಿಂದಿನಿಂದ ದಬ್ಬಿದಳು. ಇಬ್ಬರೂ ಹುಡುಗಿಯರಂತೆ ನಕ್ಕರು.

ನಾನು ಟೆಂಪೋದ ಹಿಂದೆ, ಖಾರದ ಡಬ್ಬಿಗಳ ನಡುವೆ, ಕಾರಿನ ಕಡೆ ಮುಖ ಮಾಡಿ ಕುಳಿತೆ. ಅಷ್ಟು ವರ್ಷ ಓಡಿಸಿದ್ದೆ, ಆದರೆ ನನ್ನ ಕಾರು ನನ್ನತ್ತ ಬರುವುದನ್ನು ಎಂದೂ ಕಂಡಿರಲಿಲ್ಲ. ಓಡಿಸುವವನಿಗೆ ಅದು ಕಾಣುವುದೆಲ್ಲಿಂದ? ಸದ್ದಿಲ್ಲದೆ, ಮಸೀದಿಯ ಗೋಡೆ ದಾಟಿ, ವೀಳ್ಯದೆಲೆಯ ಬುಟ್ಟಿಗಳ ಪಕ್ಕದಲ್ಲಿ ಅದು ಬರುತ್ತಿತ್ತು. ತಿರುವು ಬಂದಾಗಲೆಲ್ಲ ಚಾಚಿ ಎರಡೂ ಕಾಲಿನಿಂದ ಬ್ರೇಕ್ ತುಳಿದು, ಹಗ್ಗ ಸಡಿಲಾಗದಂತೆ ತರುತ್ತಿದ್ದರು. ಚಂದ ಇತ್ತು ನನ್ನ ಗಾಡಿ. ಅಪಘಾತದ ನಂತರ ಮೊದಲ ಬಾರಿಗೆ ನಾನು ಅತ್ತದ್ದು ಆಗ, ಬಜಾರಿನ ನಡುವೆ. ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಹೆಲ್ಮೆಟ್ ಹಾಕಿದ ಚಾಚಿಯ ಮೇಲಿತ್ತು.

ಗ್ಯಾರೇಜಿನವನು ಇಂಜಿನ್ ಕೂಡಿಸಿದ. ಆದರೆ ತಿರುವಿನಲ್ಲಿ ಕಾರು ಜಾರುತ್ತದೆ, ಬಂದು ನೋಡಿ ಎಂದು ಫೋನು ಮಾಡಿದ. ಹೋಗುವ ಮನಸ್ಸಿರಲಿಲ್ಲ. ಚಾಚಿ ತಮ್ಮ ಹಿರೇಕೆರೂರಿನ ಪಾಳಿಯ ದಿನ ಟೆಂಪೋದಲ್ಲಿ ಕೂಡಿಸಿಕೊಂಡು ಹೋದರು. ನಾನು ಗಾಲಿಗಳ ಸ್ಪ್ರಿಂಗು, ಸಸ್ಪೆನ್ಷನ್ ಬಿಗಿ ಮಾಡಿಕೊಟ್ಟು, ಬಯಲಿನಲ್ಲಿ ಅದು ಧೂಳೆಬ್ಬಿಸಿ ತಿರುಗುವುದನ್ನು ನೋಡಿದೆ. ಆ ದಿನದಿಂದ ಅದೇ ನನ್ನ ಕೆಲಸವಾಯಿತು. ಈಗ ಎಲ್ಲೆಲ್ಲಿಂದಲೋ ಬರುವವರ ರೇಸಿನ ಗಾಡಿಗಳನ್ನು ಹದ ಮಾಡಿಕೊಡುತ್ತೇನೆ. ಇದು ಚಾಚಿ ಕೊಟ್ಟ ಬದುಕು ಎಂದರೆ ಅವರು ಒಪ್ಪುತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಪ್ರತಿ ರೇಸು ಮುಗಿದ ಮೇಲೆ ಹೋಗಿ ಅವರ ಒಲೆಯ ಮುಂದೆ ಕುಳಿತು ಏನಾಯಿತೆಂದು ವರದಿ ಒಪ್ಪಿಸುತ್ತಿದ್ದೆ, ಅಷ್ಟೇ.

ಹೋದ ವರ್ಷ ರಂಜಾನ್ ಹತ್ತಿರವಿರುವಾಗ ಚಾಚಿ ತೀರಿಕೊಂಡರು. ಖಬರಸ್ಥಾನದಲ್ಲಿ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಹಿರೇಕೆರೂರಿನ ಗ್ಯಾರೇಜಿನವನೂ ಬಂದಿದ್ದ. ಅವನೂ ಒಂದು ಹಿಡಿ ಹಾಕಿದ.

ಕಳೆದ ವಾರ ನಾನು ಬರುತ್ತಿದ್ದುದೂ ಒಂದು ರೇಸಿನಿಂದಲೇ. ಬಸ್ಸಿಳಿದ ಕಾಲುಗಳು ನಮ್ಮ ಮನೆಯನ್ನು ಬಿಟ್ಟು ಎದುರು ಮನೆಗೇ ನಡೆದವು. ಹಿತ್ತಲಲ್ಲಿ ಚಾಚಿಯ ಸೊಸೆ ಖಾರ ಕರಿಯುತ್ತಿದ್ದಳು. "ಬರ್ರಿ ಅಣ್ಣಾರ, ಕುಂದರ್ರಿ" ಎಂದು ಮಣೆ ಸರಿಸಿದಳು. "ಏನಾತ್ರಿ ಗಾಡಿ?"

ಹೇಳಿದೆ. ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಎಲ್ಲವನ್ನೂ ಹೇಳಿದೆ. ಚಾಚಿಯಾಗಿದ್ದರೆ ನಡುನಡುವೆ ತಡೆದು, ಯಾಕ ಹಿಂದ ಬಿದ್ದಾ, ಯಾರು ಅಡ್ಡ ಬಂದ್ರು ಎಂದು ಜೀವ ತಿನ್ನುತ್ತಿದ್ದರು. ಈಕೆ ಕಾದ ಎಣ್ಣೆಯಲ್ಲಿ ಝಾರಿ ಆಡಿಸುತ್ತ, ಮರ್ಯಾದೆಯಿಂದ, ಕೊನೆಯತನಕ ಸುಮ್ಮನೆ ಕೇಳಿಸಿಕೊಂಡಳು.