ಕರಾಚಿ ನಾಲ್ಕು ತಾಸು, ಮುಂಡಗೋಡ ಮೂರು ವರ್ಷ

ತೇರಗಾಂವದ ಗುರುಸಿದ್ದವ್ವನಿಗೆ ಮುಂಡಗೋಡ ತವರು. ಎತ್ತಿನ ಗಾಡಿಯಲ್ಲಿ ಒಂದು ಹಗಲು ಸಾಗಿ, ಕಲಘಟಗಿಯಲ್ಲಿ ತಂಗಿ, ಮರುದಿನ ಮಧ್ಯಾಹ್ನ ಮುಟ್ಟುವ ದಾರಿ. ಆದರೆ ಆ ಮನೆಯ ಸೊಸೆಯಂದಿರ ಪ್ರಯಾಣ ಗಾಡಿ ಹೂಡಿದಾಗ ಶುರುವಾಗುತ್ತಿರಲಿಲ್ಲ. ತಾನಿಲ್ಲದಷ್ಟು ದಿನಕ್ಕೂ ಸಾಲುವಷ್ಟು ಖಡಕ್ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿ ತುಂಬಿಸಿದವಳು ಮಾತ್ರ ಹೊಸ್ತಿಲು ದಾಟಬೇಕು. ಗುರುಸಿದ್ದವ್ವನ ಬುಟ್ಟಿ ತುಂಬುವಷ್ಟರಲ್ಲಿ ಯಾರಿಗೋ ಜ್ವರ ಬರುತ್ತಿತ್ತು, ಇಲ್ಲವೆ ನೆಂಟರು ಬಂದು ಅದನ್ನು ಬರಿದು ಮಾಡುತ್ತಿದ್ದರು. ಹೀಗೆ ತವರಿನ ಮೂರು ನಾಗರ ಪಂಚಮಿಗಳು ತಪ್ಪಿದ್ದವು.

ನಲವತ್ತಾರನೆಯ ಇಸವಿಯ ಪಂಚಮಿಗೆ ಬುಟ್ಟಿ ತುಂಬುತ್ತ ಬಂದಿತ್ತು. ಅಷ್ಟರಲ್ಲಿ ಮೈದುನ ಚನಬಸಪ್ಪ ಹೆಂಡತಿ ಹೊಳೆವ್ವನೊಂದಿಗೆ ಊರಿಗೆ ಬಂದ. ಅವನು ಕರಾಚಿಯಲ್ಲಿ ಕಟ್ಟಿಗೆ ವ್ಯಾಪಾರಿಯೊಬ್ಬರ ಗುಮಾಸ್ತ. ಮಾಲಕರ ಮನೆಯವರ ಟಿಕೆಟ್ಟು ಉಳಿದದ್ದರಿಂದ ಗಂಡಹೆಂಡತಿ ಮುಂಬಯಿತನಕ ವಿಮಾನದಲ್ಲಿ ಬಂದಿದ್ದರು. ಆ ಸುದ್ದಿ ಕೇಳಲಿಕ್ಕೆ ಓಣಿಯ ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನೆರೆದರು.

"ಐನೂರಾ ಐವತ್ತು ಮೈಲು, ವೈನಿ," ಎಂದ ಚನಬಸಪ್ಪ. "ನಾಕು ತಾಸಿನ್ಯಾಗ ಇಳಿಸಿಬಿಟ್ರು."

ಗುರುಸಿದ್ದವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ನೆಗೆಣ್ಣಿ ಹೊಳೆವ್ವನ ಕಡೆ ತಿರುಗಿದಳು. "ನಾಕು ತಾಸು ಏನ್ ಮಾಡಿದಿ?"

"ಮಾಡೂದೇನೈತಿ ಅಕ್ಕಾ? ಕಿವ್ಯಾಗ ಹತ್ತಿ ಇಟ್ಕೊಂಡು ಸುಮ್ನ ಕುಂತಿದ್ದೆ. ಊಟಾನೂ ತಂದು ತೊಡಿ ಮ್ಯಾಲ ಇಟ್ರು."

ಮೋಡದ ಮೇಲೆ ಹಾರಿದ್ದನ್ನು ಗುರುಸಿದ್ದವ್ವ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಕುಳಿತದ್ದನ್ನು ಸಹಿಸಲಾಗಲಿಲ್ಲ. ಈ ಮನೆಗೆ ಬಂದ ಮೇಲೆ ಅವಳ ಮುಂದೆ ಯಾರೂ ಒಂದು ತಾಟು ತಂದಿಟ್ಟಿರಲಿಲ್ಲ. ಹೊಳೆವ್ವನ ಬಳೆಗಳಲ್ಲಿ ಮಸಿಯಿರಲಿಲ್ಲ, ಮುಂಗೈಯಲ್ಲಿ ಒಲೆಯ ಕಲೆಯಿರಲಿಲ್ಲ. ಗುರುಸಿದ್ದವ್ವ ಮುಂದಿನ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅದು ನಡುವೆ ಹರಿಯಿತು.

ಮರುದಿನ ಅತ್ತೆ ಕಾಶೆವ್ವ ಮಾತು ತೆಗೆದಳು. "ಹೊಳೆವ್ವ ದೂರದಿಂದ ಬಂದು ದಣದಾಳ. ಪಂಚಮಿಗೆ ಆಕಿ ತವರಿಗೆ ಹೋಗಿ ಬರ್ಲಿ. ಹೆಂಗೂ ಬುಟ್ಟಿ ತುಂಬೈತಿ. ನೀ ಮುಂದಿನ ವರ್ಷ ಹೋಗುವಂತಿ."

ಹೊಳೆವ್ವ ಬೇಡವೆನ್ನಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಬುಟ್ಟಿ ತುಂಬಿದಾಕಿ ಹೋಗ್ಬೇಕಂತ ನೀವ ಹೇಳೀರಿ, ಅತ್ತಿ," ಎಂದಳು ಗುರುಸಿದ್ದವ್ವ. "ಇದನ್ನ ತುಂಬಿದಾಕಿ ನಾನು. ಆಕಿ ಹೋಗೂದಿದ್ರ ಆಕೀನ ತುಂಬ್ಲಿ."

"ನೆಗೆಣ್ಣಿ ಮ್ಯಾಲ ಇಷ್ಟು ಹೊಟ್ಟಿಕಿಚ್ಚ ನಿನಗ?"

"ಹೂಂನ್ರಿ, ಐತಿ."

ತಾನೇ ಹಾಕಿ ಓಣಿಗೆಲ್ಲ ಸಾರಿದ ಕಟ್ಟಳೆಯನ್ನು ಮುರಿಯುವುದು ಕಾಶೆವ್ವನಿಗಾಗಲಿಲ್ಲ.

ಮರುದಿನ ಬೆಳಿಗ್ಗೆ ಆಳು ದ್ಯಾಮಪ್ಪ ಗಾಡಿ ಹೂಡಿದ. ಓಣಿಯ ಹೆಂಗಸರು ಮತ್ತೆ ಬಂದರು, ಗುರುಸಿದ್ದವ್ವನನ್ನು ಕಳಿಸಲಿಕ್ಕಲ್ಲ, ವಿಮಾನದ ಸುದ್ದಿ ಇನ್ನೊಮ್ಮೆ ಕೇಳಲಿಕ್ಕೆ. ಹೊಳೆವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು. ಯಾರೋ ಅವಳ ಕೈಗೆ ಶೇಂಗಾದ ಉಂಡಿ ಕೊಟ್ಟರು. ಗಾಡಿಯಲ್ಲಿದ್ದ ಗುರುಸಿದ್ದವ್ವನ ಹೊಟ್ಟೆ ಮತ್ತೆ ಉರಿಯಿತು. ಇಳಿದು ಹೋಗಿ, 'ಏಳು, ಒಳಗ ಮುಸುರಿ ಬಿದ್ದೈತಿ' ಎನ್ನಬೇಕೆನಿಸಿ ಒಂದು ಕಾಲನ್ನು ಕೆಳಗೂ ಬಿಟ್ಟಳು. ತಾನು ಇಳಿದರೆ ಆ ಮುಸುರೆ ತಿಕ್ಕುವವಳು ಯಾರೆಂಬುದು ಆಗ ನೆನಪಾಯಿತು.

ಕಾಲು ಮೇಲೆಳೆದುಕೊಂಡಳು.

"ಹೊಡಿಯಪಾ ದ್ಯಾಮಪ್ಪ," ಎಂದಳು. "ಹಿಂದ ನೋಡಬ್ಯಾಡ."