ಎಫಿ ಮ್ಯಾಥೆಸನ್ ಮೈಕು ಹಿಡಿದದ್ದು

ಎಫಿ ಮ್ಯಾಥೆಸನ್ ಇಪ್ಪತ್ತಮೂರು ವರ್ಷ ನಮ್ಮೂರ ಶಾಲೆಯ ಬಸ್ಸು ಓಡಿಸಿದಳು. ನಮ್ಮೂರು ಕ್ಯಾಮಸ್‌ಬೆಗ್‌ನ ಕಡಲಂಚಿನ ಆ ಹದಿನಾಲ್ಕು ಮೈಲಿ ರಸ್ತೆಯಲ್ಲಿ ಯಾವ ತಿರುವಿನಲ್ಲಿ ಕುರಿ ಮಲಗಿರುತ್ತದೆ, ಯಾವ ಗೇಟಿನಿಂದ ಯಾವ ಮಗು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಆ ಬಾಯಿ ತೆರೆಯುತ್ತಿದ್ದುದೇ ಅಪರೂಪ. “ಕೂತ್ಕೋ”, “ಇಳಿ”, “ಟೋಪಿ ಮರೀಬೇಡ” ಅಂದರೆ ಅವಳ ದಿನದ ಮಾತು ಮುಗಿಯಿತು. ಕೊನೆಯ ವರ್ಷ ಬಸ್ಸಿನಲ್ಲಿ ಮೂರೇ ಮಕ್ಕಳಿದ್ದವು. ಆ ಬೇಸಿಗೆಯಲ್ಲಿ ಶಾಲೆ ಮುಚ್ಚಿತು. ಐವತ್ತಾರರ ಎಫಿ ಮನೆಯಲ್ಲಿ ಕೂತಳು.

ಅವಳು ಕೂತಿದ್ದನ್ನು ನೋಡಲಾಗದೆ ಹೋದವನು ಗಂಡ ಫಿನ್ಲೇ. ಸೀಗಡಿ ಹಿಡಿಯುವವನು, ಎರಡು ತಿಂಗಳು ತಡೆದ. ಆಮೇಲೆ ಹೇಳಿಯೇಬಿಟ್ಟ: “ಕಿಟಕೀಲಿ ಕೂತು ರಸ್ತೇಲಿ ಹೋಗೋರ ಡ್ರೈವಿಂಗಿಗೆ ಮಾರ್ಕ್ಸು ಹಾಕ್ತಾ ಇದೀಯಲ್ಲೇ. ಹೋಗಿ ಯಾವುದಾದ್ರೂ ಗಾಡಿ ಓಡ್ಸು, ಪುಣ್ಯ ಬರುತ್ತೆ.”

ಹಾಗೆ ಅವಳು ಇನ್ವರ್ನೆಸ್ ಪಟ್ಟಣದ ಗಿಲ್‌ಕ್ರಿಸ್ಟ್ ಅಮ್ಮನ ಪ್ರವಾಸಿ ಬಸ್ಸುಗಳಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಂಟಕ್ಕೆ ಹೊರಟು, ಲಾಖ್ ನೆಸ್ ಸರೋವರದ ಪಕ್ಕದಲ್ಲೇ ಸಾಗಿ, ಬೆಟ್ಟದ ಕಣಿವೆ ಇಳಿದು, ಪಡುವಣ ಕಡಲಿನ ಕೋಟೆ ನೋಡಿ, ದೋಣಿಯಲ್ಲಿ ಕರೆದೊಯ್ದು ಸೀಲ್ ಎಂಬ ಕಡಲ ಪ್ರಾಣಿಗಳನ್ನು ತೋರಿಸಿ, ನಮ್ಮ ಕಡಲಂಚಿನ ರಸ್ತೆಯಲ್ಲಿ ವಾಪಸು. ಒಂದು ದಿನದ ಸುತ್ತು. ಓಡಿಸುವವಳು ಎಫಿ, ಮಾತಾಡುವವನು ಡೂಗಲ್. ಗಂಡಸರ ಚೌಕಳಿ ಲಂಗ ಕಿಲ್ಟು ಸುತ್ತಿ, ಕೆಂಪು ಗಡ್ಡ ಬಿಟ್ಟು, ಸರೋವರದ ಭೂತದ ಕಥೆಯನ್ನು ದಿನಾ ಹೊಸದಾಗಿ ಕಂಡವನಂತೆ ಹೇಳುತ್ತಿದ್ದ. ಜನ ನಗುತ್ತಿದ್ದರು. ಎರಡು ಬೇಸಿಗೆ ಹೀಗೇ ಕಳೆದವು.

ಮೂರನೆಯ ವರ್ಷ ಮೇ ತಿಂಗಳ ಒಂದು ಗುರುವಾರ ಡೂಗಲ್ ಬಂದವನು ಕೆನ್ನೆಗೆ ಟವೆಲು ಒತ್ತಿಕೊಂಡಿದ್ದ. ಹಲ್ಲಿನ ಬೇರು ಕೀವಾಗಿ ಮುಖ ಒಂದು ಕಡೆ ಟರ್ನಿಪ್ ಗೆಡ್ಡೆಯಂತೆ ಊದಿತ್ತು. ಮೂವತ್ತೊಂದು ಜನ ಆಗಲೇ ಬಸ್ಸು ಹತ್ತಿ ಕೂತಿದ್ದರು.

“ಮೈಕು ನೀನೇ ಹಿಡ್ಕೋ ಎಫಿ,” ಅಂದಳು ಗಿಲ್‌ಕ್ರಿಸ್ಟ್.

“ನಂಗೆ ಒಬ್ಬ ರಾಜನ ಹೆಸರೂ ಬರಲ್ಲ, ಅಮ್ಮಾ.”

“ರಾಜರ ಕಥೆ ಯಾರೂ ಕೇಳಿಸ್ಕೊಳ್ಳಲ್ಲ, ಬಿಡು. ಊರಿನ ಹೆಸರು ಹೇಳು, ಕಕ್ಕಸು ಎಲ್ಲಿದೆ ಅಂತ ಹೇಳು. ಸಾಕು.”

ಲಾಖ್ ನೆಸ್‌ನ ಉದ್ದಕ್ಕೂ ಎಫಿ ತುಟಿ ಬಿಚ್ಚಲಿಲ್ಲ. ಕೊನೆಗೆ ಮುಂದಿನ ಸೀಟಿನಲ್ಲಿದ್ದ ಪೋರ್ಚುಗಲ್‌ನ ಮುದುಕ, ಒಮ್ಮೆ ಮೀನುಗಾರನಾಗಿದ್ದವನು, ಮಗಳ ಬಾಯಲ್ಲಿ ಕೇಳಿಸಿದ: “ಮೈಕಿನ ಯಂತ್ರ ಕೆಟ್ಟಿದೆಯಾ ಅಂತ ಕೇಳ್ತಿದಾರೆ ನಮ್ಮಪ್ಪ.”

“ಯಂತ್ರ ಚೆನ್ನಾಗಿದೆ. ಕೆಟ್ಟಿರೋದು ನಾನು,” ಅಂದಳು ಎಫಿ. ಮೈಕು ಚಾಲೂ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಬಸ್ಸೆಲ್ಲ ನಕ್ಕಿತು. ಅವಳ ಕಿವಿ ಕೆಂಪಾಯಿತು.

ಕೋಟೆಯಲ್ಲಿ ಸೋನೆ ಮಳೆ. ಗಾಳಿ ಜೋರಾಗಿ ದೋಣಿ ಬಿಡಲಿಲ್ಲ, ಸೀಲ್ ಕಾಣಲಿಲ್ಲ. ಊಟ ಮುಂದಿನ ಊರಿನ ಹೋಟೆಲಲ್ಲಿ ಎಂದು ಸಮಾಧಾನ ಹೇಳಿ ಹೊರಟರೆ, ನಮ್ಮ ರಸ್ತೆಯಲ್ಲಿ ಬೆಟ್ಟದ ಕಲ್ಲು ಜಾರಿ ಬಿದ್ದಿತ್ತು. ಪೊಲೀಸಿನವನು ಕೈ ಅಡ್ಡ ಹಿಡಿದ. ಮೂರು ಗಂಟೆಯಾದರೂ ಬೇಕು, ಹಿಂದೆಯೂ ಗಾಡಿಗಳ ಸಾಲು. ಹಿಂದಿನ ಸೀಟುಗಳಲ್ಲಿ ಗೊಣಗಾಟ ಶುರುವಾಯಿತು. ಒಂದು ಮಗು ಹಸಿವೆಯೆಂದು ಅಳತೊಡಗಿತು.

ಪಕ್ಕದಲ್ಲೇ ಕ್ಯಾಮಸ್‌ಬೆಗ್‌ಗೆ ಇಳಿಯುವ ಕಿರುದಾರಿ. ದೊಡ್ಡ ಬಸ್ಸುಗಳಿಗಲ್ಲ ಅದು. ಎಫಿ ಒಂದು ನಿಮಿಷ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತಳು. ಆಮೇಲೆ ಆ ದಾರಿಗೆ ತಿರುಗಿಸಿದಳು. ಎರಡೂ ಕಡೆ ಕಲ್ಲುಗೋಡೆ, ಅಂಗೈಯಗಲ ಜಾಗ. ಒಂದು ಗೀರೂ ಬೀಳಲಿಲ್ಲ.

ಆ ಹೊತ್ತಿಗೆ ನಾನು ಊರ ಸಭಾಂಗಣದ ಅಡಿಗೆಮನೆಯಲ್ಲಿದ್ದೆ. ಪ್ರತಿ ಗುರುವಾರ ನಮ್ಮ ವಯಸ್ಸಾದವರಿಗೆಲ್ಲ ಮಧ್ಯಾಹ್ನದ ಊಟ, ಹನ್ನೊಂದು ಜನ. ಬಾಗಿಲು ತೆರೆದರೆ ಎಫಿ, ಅವಳ ಹಿಂದೆ ಒದ್ದೆ ಕೋಟುಗಳ ದಂಡು.

“ತಲೆ ಕೆಟ್ಟಿದೆಯೇನೇ ನಿಂಗೆ? ಹನ್ನೊಂದು ಜನಕ್ಕೆ ಮಾಡಿರೋ ಸೂಪು ಇದು!”

“ನೀರು ಹಾಕು, ಮಾರ್ಸಲಿ. ನಿನ್ನ ಸೂಪಲ್ಲಿ ಯಾವತ್ತೂ ಅದೇ ತಾನೇ ಇರೋದು?”

ನಾನು ನೀರು ಹಾಕಿದೆ, ಬಾರ್ಲಿ ಹಾಕಿದೆ, ಇದ್ದ ಕ್ಯಾರೆಟ್ಟನ್ನೆಲ್ಲ ಹೆಚ್ಚಿದೆ. ಅವಳು ಫಿನ್ಲೇಗೆ ಫೋನು ಮಾಡಿದಳು. ಆಗಷ್ಟೇ ದಡಕ್ಕೆ ಬಂದಿದ್ದ ಅವನು ಎರಡು ಬಕೆಟ್ ಸೀಗಡಿ ತಂದು ಮೇಜಿನ ಮೇಲಿಟ್ಟು, “ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನನ್ನ ಹೆಂಡತಿ ನೆಂಟರನ್ನ ಕರ್ಕೊಂಡು ಬಂದಿದಾಳೆ, ತಿನ್ನಿ,” ಅಂದ. ಬಂದವರಲ್ಲಿ ಕೆಲವರು ತೋಳೇರಿಸಿ ಸಿಪ್ಪೆ ಬಿಡಿಸಲು ಕೂತರು. ಒಬ್ಬಳು ಹೇಳದೇ ಕೇಳದೇ ಪಾತ್ರೆ ತೊಳೆಯಲು ನಿಂತಳು. ನಮ್ಮ ತೊಂಬತ್ತರ ರೂರಿ ತಾತ ಮತ್ತು ಆ ಪೋರ್ಚುಗಲ್‌ನ ಮುದುಕ ಪಕ್ಕಪಕ್ಕ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರೂ ಕೈ ಚಾಚಿ ತಾವು ಹಿಡಿದ ಮೀನಿನ ಉದ್ದ ತೋರಿಸುತ್ತಿದ್ದರು. ಪ್ರತಿ ಸಲವೂ ಮೀನು ಒಂದು ಗೇಣು ಬೆಳೆಯುತ್ತಿತ್ತು.

ಊಟವಾದ ಮೇಲೆ ಒಬ್ಬ ಹೆಂಗಸು ಗೋಡೆಯ ಫೋಟೋಗಳ ಮುಂದೆ ನಿಂತು, “ಇವರೆಲ್ಲ ಯಾರು?” ಅಂದಳು. ಶಾಲೆಯ ಚಿತ್ರಗಳು, ವರ್ಷಕ್ಕೊಂದು.

ಎಫಿ ಹತ್ತಿರ ಹೋದಳು. “ಇವಳು ಎಲ್ಸ್‌ಪೆತ್. ಸೇತುವೆ ಹತ್ರ ನಿಲ್ತಿದ್ಲು. ಬಸ್ಸಿಗೆ ಇವಳ ಕುರಿಮರೀನೂ ಹತ್ತೋದು, ನಾನು ಇಳ್ಸೋದು. ಇವನು ಬಸ್ಸಲ್ಲೇ ಓದು ಕಲಿತ, ರಸ್ತೆ ಬೋರ್ಡುಗಳ್ನ ನೋಡ್ಕೊಂಡು. ಈ ಇಬ್ರು ಅಣ್ಣ ತಮ್ಮ, ಒಂದು ವರ್ಷ ಮಾತಾಡ್ಲಿಲ್ಲ. ಅವರಪ್ಪ ಕಡಲಲ್ಲಿ ಮುಳುಗಿ ತೀರಿಕೊಂಡ ವರ್ಷ ಅದು. ನಾನೂ ಮಾತಾಡಿಸ್ಲಿಲ್ಲ. ದಿನಾ ಮುಂದಿನ ಸೀಟು ಖಾಲಿ ಇಟ್ಟಿರ್ತಿದ್ದೆ, ಅಷ್ಟೇ.”

ಅವಳು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

“ಈಗ ಎಷ್ಟು ಮಕ್ಕಳಿದಾರೆ?” ಆ ಹೆಂಗಸು ಮೆಲ್ಲಗೆ ಕೇಳಿದಳು.

“ಬಸ್ಸಿಗೆ ಸಾಲುವಷ್ಟಿಲ್ಲ,” ಅಂದಳು ಎಫಿ.

ನಾಲ್ಕು ಗಂಟೆಗೆ ರಸ್ತೆ ತೆರೆಯಿತು. ಹೊರಟವರಲ್ಲಿ ನಾಲ್ಕಾರು ಜನ ನನ್ನನ್ನು ತಬ್ಬಿಕೊಂಡರು; ನನ್ನ ಸೂಪಿಗಾಗಿ ಯಾರೂ ಹಾಗೆ ಮಾಡಿದ್ದಿಲ್ಲ. ವಾಪಸು ಹೋಗುವಾಗ ಎಫಿ ತಾನಾಗಿ ಮೈಕು ಹಾಕಿದಳಂತೆ. ರಾಜರಿಲ್ಲ, ಭೂತವಿಲ್ಲ. ಈ ಮನೆಯ ಚಿಮಣಿ ಯಾಕೆ ವಾರೆ, ಆ ಗೇಟಿಗೆ ನೀಲಿ ಬಣ್ಣ ಬಳಿದವಳು ಯಾರ ಮೇಲಿನ ಸಿಟ್ಟಿಗೆ ಬಳಿದಳು, ಇಷ್ಟೇ. ಇನ್ವರ್ನೆಸ್ ಬಂದಾಗ ಮೂರು ಗಂಟೆ ತಡ.

ಎಫಿ ಗಿಲ್‌ಕ್ರಿಸ್ಟ್ ಮುಂದೆ ಬಸ್ಸಿನ ಬೀಗದ ಕೈಯಿಟ್ಟು, “ದೋಣಿ ಇಲ್ಲ, ಹೋಟೆಲ್ ಇಲ್ಲ, ಹೇಳದೇ ದಾರಿ ಬಿಟ್ಟೆ. ನಾನು ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ,” ಅಂದಳು.

ಐದನೆಯ ದಿನ ಗಿಲ್‌ಕ್ರಿಸ್ಟ್ ಪ್ರಯಾಣಿಕರು ಬರೆದ ಕಾಗದಗಳ ಕಟ್ಟು ಹಿಡಿದು ಅವಳನ್ನು ಕರೆದಳು. ಒಬ್ಬ ಮಾತ್ರ ಸೀಲ್ ಕಾಣಲಿಲ್ಲವೆಂದು ಕಿಡಿಕಾರಿದ್ದ. ಉಳಿದವರೆಲ್ಲ ಆ ಊಟದ ಮಾತನ್ನೇ ಬರೆದಿದ್ದರು. “ಗುರುವಾರ ಗುರುವಾರ ಮೂವತ್ತು ಜನ ಬಂದ್ರೆ ನಿಮ್ಮೂರಿನೋರು ಒಪ್ತಾರಾ, ಕೇಳು.”

ಊರ ಸಭೆಯಲ್ಲಿ ಜಗಳವೇ ಆಯಿತು. “ನಾವೇನು ಮ್ಯೂಸಿಯಮ್ಮಾ, ನೋಡೋಕೆ ಬರೋಕೆ?” ಎಂದು ರೂರಿ ತಾತ ಕೋಲು ಕುಟ್ಟಿದ. ಎಫಿ ಎದ್ದು ನಿಂತು, “ನೋಡೋಕೆ ಬರಲ್ಲ ತಾತ, ಜೊತೇಲಿ ಕೂತು ಉಣ್ಣೋಕೆ ಬರ್ತಾರೆ. ಬೇಜಾರಾದ್ರೆ ನಾನೇ ಬಸ್ಸು ಹಿಂದಕ್ಕೆ ತಿರುಗಿಸ್ತೀನಿ,” ಅಂದಳು. ವಯಸ್ಸಾದವರಿಗೆ ಮೊದಲು ಬಡಿಸಬೇಕು, ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು ಎಂಬ ಮಾತಿನ ಮೇಲೆ ಎಲ್ಲರೂ ಒಪ್ಪಿದರು.

ಡೂಗಲ್‌ಗೆ ಮೊದಮೊದಲು ಮುಖ ಸಣ್ಣದಾಯಿತು. ಆಮೇಲೆ ಇಬ್ಬರೂ ಹಂಚಿಕೊಂಡರು: ಕೋಟೆಯವರೆಗೆ ಅವನು, ಅಲ್ಲಿಂದಾಚೆ ಅವಳು.

ಇದಾಗಿ ಎರಡು ವರ್ಷ. ಶಾಲೆ ತೆರೆದಿಲ್ಲ, ತೆರೆಯುತ್ತದೆಂದು ಯಾರೂ ಹೇಳುತ್ತಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಪಟ್ಟಣದಿಂದ ಒಂದು ಜೋಡಿ ಬಂದು ಹಳೆಯ ಅಂಚೆ ಕಚೇರಿಯ ಮನೆಯಲ್ಲಿ ನೆಲೆಸಿದೆ. ಗಂಡ ಬ್ರೆಡ್ಡು ಮಾಡಿ ಮಾರುತ್ತಾನೆ, ಹೆಂಡತಿಗೆ ಈಗ ಏಳು ತಿಂಗಳು. ಮೊನ್ನೆ ಎಫಿ ಅವರ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಗಾಜು ಇಳಿಸಿ, ಹೆರಿಗೆ ಯಾವಾಗ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂದು ವಿಚಾರಿಸಿದಳು. “ಟ್ಯಾಕ್ಸಿ ಹೇಳಿದೀವಿ,” ಅಂದಳು ಆ ಹುಡುಗಿ.

“ಟ್ಯಾಕ್ಸಿ ಯಾಕೆ? ನಾನಿಲ್ವಾ?” ಅಂದಳು ಎಫಿ. ಹಿಂದೆ ಕೂತಿದ್ದ ಮೂವತ್ತು ಜನ ಚಪ್ಪಾಳೆ ತಟ್ಟಿದರು.