ಬೈದರೆ ಇಳಿಯುವ ಹಾಲು

ಇನ್ನೂ ನಸುಕು. ಕೊಟ್ಟಿಗೆಯ ಬಲ್ಬು ಹೊತ್ತಿಕೊಳ್ಳುವ ಮೊದಲೇ ಬೈಗುಳ ಶುರುವಾಗಿರುತ್ತದೆ. "ಏಳೇ ಮೈಗಳ್ಳಿ, ನಿಮ್ಮಜ್ಜಿ ಮನೆ ಅಂದ್ಕೊಂಡ್ಯಾ ಇದು? ಕಾಲು ತೆಗಿ. ನಿನ್ ಸೊಕ್ಕಿಗಿಷ್ಟು ಬೆಂಕಿ ಹಾಕ." ಹಸು ಮೆಲುಕು ಹಾಕುತ್ತಲೇ ಕಿವಿ ಇತ್ತ ತಿರುಗಿಸುತ್ತದೆ. ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಚುರ್ ಎಂದು ಬೀಳುತ್ತದೆ.

ಹಾಲು ಕರೆಯುವ ಈ ಹೆಂಗಸನ್ನು ಎಲ್ಲರೂ ರೇಡಿಯೋ ಅಕ್ಕ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ. ಆಗ ಸೊಂಟದಲ್ಲಿದ್ದ ಮಗಳು ಈಗ ಬಾಣಂತಿ. ಹತ್ತು ಹಸು, ಎರಡು ಹೊತ್ತು, ರಜೆಯೆಂಬುದಿಲ್ಲ. ಬೆರಳ ಗೆಣ್ಣುಗಳು ಊದಿಕೊಂಡು ಉಂಗುರ ಕಳಚಲು ಬಾರದಂತಾಗಿದೆ. ಬೆಳಗ್ಗೆ ಮಕ್ಕಳ ಕೈಗೆ ಲೋಟ ಕೊಟ್ಟು 'ಕುಡೀತೀಯೋ ಇಲ್ವೋ' ಎಂದು ಗದರುವ ನಮ್ಮಂಥವರಿಗೆ, ಆ ಲೋಟದ ಹಿಂದೆ ಇನ್ನೊಂದು ಗದರಿಕೆ ಇದೆಯೆಂದು ಗೊತ್ತಿರುವುದಿಲ್ಲ.

ಕಳೆದ ತಿಂಗಳು ಈ ರೇಡಿಯೋ ಒಂದೇ ಒಂದು ಕಡೆ ಬಂದ್ ಆಯಿತು. ಸಾಲಿನ ಕೊನೆಯಲ್ಲಿ ಸೊಟ್ಟಕೊಂಬಿನ ಹಸು ಕಟ್ಟುವ ಜಾಗ; ಗೋಡೆಯಾಚೆಗೇ ಅಕ್ಕನ ಒಂಟಿ ಕೋಣೆ. ಅಲ್ಲಿ ಮಗಳು, ಎಳೆಗೂಸು. ಕೂಸು ಎದ್ದೀತೆಂದು ಆ ಹಸುವಿನ ಬಳಿ ಮಾತ್ರ ಅಕ್ಕ ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ಹಸು ಹಾಲು ಬಿಗಿಹಿಡಿಯಿತು. ಕೆಚ್ಚಲು ತುಂಬಿ ಕಲ್ಲಾಗಿದೆ, ಹಿಂಡಿದರೆ ನಾಲ್ಕು ಹನಿ.

"ಒಂದು ವಾರ ನೋಡ್ತೀನಿ, ಆಮೇಲೆ ಮಾರಿಬಿಡ್ತೀನಿ," ಎಂದರು ಮಾಲೀಕರು. ಅಕ್ಕನಿಗೆ ತುತ್ತು ಇಳಿಯಲಿಲ್ಲ. ತಾಯಿ ಸತ್ತ ಈ ಹಸುವಿಗೆ, ಅದು ಕರುವಾಗಿದ್ದಾಗ, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಅವರೇ.

ಪಶುವೈದ್ಯರು ಬಂದು ನೋಡಿದರು. ರೋಗವಿಲ್ಲ. ಹಾಲಿರುವುದು ಕೆಚ್ಚಲಲ್ಲಿ, ಬೀಗದಕೈ ಮಾತ್ರ ತಲೆಯಲ್ಲಿ ಎಂದರು. ಕರು ಮೂತಿ ಒತ್ತಿದರೆ, ಬಕೆಟ್ಟಿನ ಸದ್ದು ಕೇಳಿದರೆ ಮಿದುಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲನ್ನು ಹಿಂಡುತ್ತದೆ. ಹೆದರಿದರೆ ಇನ್ನೊಂದು ಹಾರ್ಮೋನು ಅಡ್ಡ ಬರುತ್ತದೆ. "ಗದರಬೇಡಿ ಅಕ್ಕಾ, ನಯವಾಗಿ ನೋಡ್ಕೊಳ್ಳಿ."

"ತಲೆ ಎಲ್ಲಿ, ಕೆಚ್ಚಲು ಎಲ್ಲಿ! ನಂಗೆ ತಲೆಬುಡ ಅರ್ಥ ಆಗ್ಲಿಲ್ಲ," ಎನ್ನುತ್ತಾರೆ ಅಕ್ಕ. "ಗದರೋದು ಬಿಟ್ಟಿದ್ದೆ ಆಗ್ಲೇ. ಇನ್ನೂ ನಯ ಅಂದ್ರೆ ಏನ್ಮಾಡ್ಲಿ, ಜೋಗುಳ ಹಾಡ್ಲಾ?" ಹಾಡಿದರು ಕೂಡ, ಪಿಸುದನಿಯಲ್ಲಿ. ಹಸು ಹಿಂದೆ ಸರಿಯಿತು.

ವಾರ ಮುಗಿಯುವ ದಿನ ಹಸು ಅವರ ಪಾದವನ್ನೇ ತುಳಿಯಿತು. ಕೂಸು, ಗೋಡೆ ಎಲ್ಲ ಮರೆತು ಅಕ್ಕ ಬಾಯ್ತುಂಬ ಬೈದರು. ಹಸು ಕಾಲಗಲಿಸಿ ನಿಂತಿತು. ಮೊಲೆತೊಟ್ಟುಗಳಿಂದ ಹಾಲು ತಾನೇ ತೊಟ್ಟಿಕ್ಕತೊಡಗಿತು.

ವೈದ್ಯರೂ ತಲೆ ಕೆರೆದುಕೊಂಡರು. "ಅದಕ್ಕೆ ಅದು ಬೈಗುಳ ಅಂತ ಗೊತ್ತಿಲ್ಲ ಅಕ್ಕಾ. ನೀವು ಬಂದ್ರಿ ಅಂತ ಗುರುತು, ಅಷ್ಟೇ. ಸುಮ್ನಿದ್ರೆ ಯಾರೋ ಹೊಸಬರು ಅಂದ್ಕೊಂಡಿರ್ಬೇಕು."

ಅಕ್ಕನ ಮುಖ ಬಾಡಿತು. "ಅಂದ್ರೆ ಇಷ್ಟು ವರ್ಷ ಬೈದಿದ್ದು ಒಂದೂ ಅದಕ್ಕೆ ತಾಗಿಲ್ವಾ?"

ಹಸು ಉಳಿಯಿತು, ಕೂಸಿನ ನಿದ್ದೆ ಹೋಯಿತು. ಇತ್ತ ಬೈಗುಳ ಏರಿದೊಡನೆ ಗೋಡೆಯಾಚೆ ಅಳು. ಆ ಅಳು ಕೇಳಿದರೆ ಸಾಕು, ಎದೆಹಾಲು ಇಳಿದು ಮಗಳ ರವಿಕೆ ಒದ್ದೆ. "ಅಮ್ಮಾ, ಸ್ವಲ್ಪ ಮೆಲ್ಲಗೆ ಬಯ್ಯಿ," ಎಂದು ಒಳಗಿನಿಂದ ದನಿ. ಮಗಳಿಗೆ ಹಾಲು ಇಳಿಯುವುದೂ ಅದೇ ಹಾರ್ಮೋನಿನ ಕೆಲಸ ಎಂದಿದ್ದಾರಂತೆ ವೈದ್ಯರು. ಅಕ್ಕ ನಂಬುವುದೋ ಬಿಡುವುದೋ ತಿಳಿಯದೆ ಬಕೆಟ್ ಎತ್ತಿಕೊಳ್ಳುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ ಗೋಡೆಯ ಕಡೆ ನೋಡುತ್ತಾರೆ.

"ಮೊಮ್ಮಗ ದಿನಾ ಕೇಳಿಸ್ಕೊಳ್ತಿದಾನೆ. ಬಾಯಿ ಬಂದಾಗ ಮೊದ್ಲು ಅಜ್ಜಿ ಅನ್ಲಿ ಸಾಕು. ನಿನ್ ಸೊಕ್ಕಿಗಿಷ್ಟು ಅಂತ ಶುರು ಮಾಡಿದ್ರೆ ಬೀಗರ ಮುಂದೆ ಮುಖ ಎಲ್ಲಿಟ್ಕೊಳ್ಲಿ?"